ಉಸಿರಾಡುವ ಬಿರುಕು

“ಬಿರುಕಿಗೆ ಮಾತ್ರ ಏನೂ ಮೆತ್ತಬೇಡಮ್ಮ. ಅದು ಉಸಿರಾಡೋ ಜಾಗ.”

ಕಟ್ಟಡದ ಮುದಿ ಯಜಮಾನರು ಅಕ್ಕತಂಗಿಯರಿಗೆ ಬೀಗದಕೈ ಕೊಟ್ಟು ಫುಟ್‌ಪಾತಿನಲ್ಲೇ ನಿಂತರು, ಹೊಸ್ತಿಲು ತುಳಿಯಲಿಲ್ಲ. ಅವರ ಅಜ್ಜ ಈ ಅಂಗಡಿ ಕಟ್ಟಡ ಎಬ್ಬಿಸುವಾಗ, ಎಳೆಯ ಗಾರೆಯವನೊಬ್ಬ ಮೇಲಿನ ಮಹಡಿಯಲ್ಲಿ ಎರಡು ಸಾಲು ಇಟ್ಟಿಗೆಗಳ ನಡುವಿನ ಪೊಳ್ಳಿಗೆ ಬಿದ್ದನಂತೆ. ಗೋಡೆ ಒಡೆಯಲು ಅಜ್ಜನಿಗೆ ಮನಸ್ಸಾಗಲಿಲ್ಲ. ಒಳಗಿನ ಕೂಗಿನ ಮೇಲೆಯೇ ಇಟ್ಟಿಗೆ ಏರಿತು. ಹುಡುಗನ ತಾಯಿ ತನ್ನ ಜಡೆ ಕತ್ತರಿಸಿ, ಸುಣ್ಣದಲ್ಲಿ ಕಲೆಸಿ, ಮಾಟ ಮಾಡಿ ಅದೇ ಗೋಡೆಗೆ ಮೆತ್ತಿದಳು. ಅವತ್ತೇ ಗೋಡೆ ಬಿರಿಯಿತು. ಆ ಬಿರುಕನ್ನು ಮುಚ್ಚಿದವರ ಒಡಹುಟ್ಟಿದವರಿಗೆ ಉಸಿರು ಕಟ್ಟುತ್ತದಂತೆ.

“ಗೋಡೆಗೆ ಉಬ್ಬಸ ಇದ್ರೆ ಡಾಕ್ಟರನ್ನ ಕರೀಬೇಕಿತ್ತು,” ಎಂದು ನಕ್ಕವಳು ಅಕ್ಕ. ಓದಿದ್ದು ಇಂಜಿನಿಯರಿಂಗ್. ಇಲ್ಲಿ ಹೊಲಿಗೆ ಅಂಗಡಿ ತೆರೆಯಬೇಕೆಂದು ತಂಗಿ ಕನಸು ಕಟ್ಟಿದ್ದಳು. ಗೋಡೆ ಗಟ್ಟಿಯಿದೆಯೇ ಎಂದು ಅಕ್ಕ ನೋಡಿ ಹೇಳಬೇಕಿತ್ತು. ಅಮ್ಮ ಹೋದ ಮೇಲೆ ಆ ಹುಡುಗಿಗೆ ತಾಯಿಯೂ ಇವಳೇ.

ಹೊರಗೆ ಮಟಮಟ ಮಧ್ಯಾಹ್ನ. ಒಳಗೆ ಕಾಲಿಟ್ಟರೆ ಕತ್ತಲು ಮೈಗೆ ಒದ್ದೆ ಬಟ್ಟೆಯಂತೆ ಅಂಟಿತು. ಕಮಾನು ಕಿಟಕಿಗಳಿಗೆಲ್ಲ ಯಾವ ಕಾಲದಲ್ಲೋ ಇಟ್ಟಿಗೆ ಕಟ್ಟಿದ್ದರು. ಸಂದುಗಳ ಗಾರೆ ಮುಟ್ಟಿದರೆ ಹಿಟ್ಟಿನಂತೆ ಉದುರುತ್ತಿತ್ತು. ತೊಲೆಗಳನ್ನು ಗೆದ್ದಲು ತಿಂದಿತ್ತು. ಸುಣ್ಣದ, ತುಕ್ಕಿನ, ಸತ್ತ ಇಲಿಯ ವಾಸನೆ. ಮೇಲಿನ ಮಹಡಿಯಲ್ಲಿ ಕೊರಳಿಗೆ ಟೇಪು ಹಾಕಿಕೊಂಡ ತಂಗಿ ಎಲ್ಲಿ ಮಷೀನು, ಎಲ್ಲಿ ಕನ್ನಡಿ ಎಂದು ಹಾಡಿಕೊಳ್ಳುತ್ತ ಅಳೆಯತೊಡಗಿದಳು.

ಬಿರುಕು ಮೊಳದುದ್ದವಿತ್ತು. ಅಕ್ಕ ಟಾರ್ಚು ಹಿಡಿದು ಅದಕ್ಕೆ ಅಡ್ಡಲಾಗಿ ಗಾಜಿನ ಪಟ್ಟಿಯಿಟ್ಟು ತುದಿಗಳಿಗೆ ಪ್ಲಾಸ್ಟರ್ ಮೆತ್ತಿದಳು. ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಒಡೆದು ತಿಳಿಸುತ್ತದೆ. ಕಸುಬಿನ ಕೆಲಸ ಅಷ್ಟಕ್ಕೇ ಮುಗಿದಿತ್ತು. ಆದರೆ ಮುದುಕರ ಮಾತು ನೆನಪಾಗಿ ಹಟ ಬಂತು. ಉಳಿದ ಪ್ಲಾಸ್ಟರನ್ನು ಬೇಕೆಂದೇ ಬಿರುಕಿನ ಉದ್ದಕ್ಕೂ ತುಂಬಿ, ಬೆರಳಿಂದ ಸವರಿದಳು.

ಹಾಡು ನಿಂತಿತು.

ತಿರುಗಿದರೆ, ತಂಗಿ ಎರಡೂ ಕೈಯಿಂದ ಕೊರಳು ಹಿಡಿದುಕೊಂಡಿದ್ದಳು. ಬಾಯಿ ತೆರೆದಿತ್ತು. ಗಾಳಿ ಒಳಗೆ ಹೋಗುತ್ತಿರಲಿಲ್ಲ. ಅಕ್ಕ ಟೇಪು ಕಿತ್ತೆಸೆದಳು, ಬೆನ್ನು ಗುದ್ದಿದಳು, ಮೆಟ್ಟಿಲಿನತ್ತ ಎಳೆದಳು. ಗೋಡೆಯಿಂದ ದೂರವಾದಷ್ಟೂ ತಂಗಿಯ ತುಟಿ ಕಪ್ಪಿಡುತ್ತಿತ್ತು.

ಅವಳನ್ನು ಅಲ್ಲೇ ಬಿಟ್ಟು ಅಕ್ಕ ಗೋಡೆಯ ಬಳಿಗೆ ಓಡಿ ಬಂದಳು. ಪ್ಲಾಸ್ಟರ್ ಆಗಲೇ ಬಿಸಿಯಾಗಿ ಕಲ್ಲಾಗಿತ್ತು. ತಾನು ತಂದಿದ್ದ ಸುತ್ತಿಗೆ ಎತ್ತಿ ಅದಕ್ಕೆ ಒಂದೇಟು ಹಾಕಿದಳು. ಹಿಂದೆ ಎಲುಬು ಮುರಿದ ಸದ್ದು. ತಂಗಿಯ ರವಿಕೆಯ ಮೇಲೆ ರಕ್ತ ಹರಡುತ್ತಿತ್ತು.

ಸುತ್ತಿಗೆ ಕೈಜಾರಿತು.

ಉಗುರು ಹಾಕಿದಳು. ಕೆರೆದಳು. ಉಗುರು ಎದ್ದಿತು. ಇನ್ನೊಂದು ಎದ್ದಿತು. “ಬಿಟ್ಟುಬಿಡಪ್ಪ, ಅವಳದೇನೂ ತಪ್ಪಿಲ್ಲ, ನನ್ನ ತಗೋ,” ಎಂದು ಯಾರನ್ನು ಬೇಡುತ್ತಿದ್ದಾಳೋ ಅವಳಿಗೇ ಗೊತ್ತಿರಲಿಲ್ಲ. ಕೆರೆದಳು. ಬೆರಳ ತುದಿಗೆ ಕೂದಲು ಸಿಕ್ಕಿತು. ಉದ್ದ, ಕಪ್ಪು, ಇನ್ನೂ ಬೆಚ್ಚಗೆ. ಎಳೆದಳು. ಜಡೆ ಬಂತು. ಮತ್ತೆ ಬಂತು. ಕೊನೆಗೆ ಬಿರುಕು ತೆರೆಯಿತು. ತಣ್ಣನೆಯ ಗಾಳಿ ಮುಖಕ್ಕೆ ಬಡಿದು ಹೊರಗೆ ಹೋಯಿತು.

ಹಿಂದೆ ತಂಗಿ ದೀರ್ಘವಾಗಿ ಉಸಿರೆಳೆದುಕೊಂಡಳು.

ಅಕ್ಕ ಅತ್ತುಬಿಟ್ಟಳು. ತೆವಳಿಕೊಂಡು ಹೋಗಿ ಅವಳನ್ನು ತಬ್ಬಿದಳು. ಮೈಯೆಲ್ಲ ಹಸಿ ಸುಣ್ಣದ ವಾಸನೆ. ತಂಗಿ ಮೆಲ್ಲಗೆ ಅವಳ ಕೈ ಬಿಡಿಸಿ, ಗುರುತಿಲ್ಲದ ಕಣ್ಣಿಂದ ನೋಡಿದಳು. ದನಿ ಗಂಡು ಹುಡುಗನದು.

“ನಮ್ಮವ್ವ ಕೆಳಗಡೆ ಕಾಯ್ತಿದಾಳಾ?”

ಉತ್ತರಕ್ಕೆ ನಿಲ್ಲದೆ ಮೆಟ್ಟಿಲಿಳಿಯತೊಡಗಿದಳು. ಮೊದಮೊದಲು ತೊಡರುತ್ತ, ಆಮೇಲೆ ಸಲೀಸಾಗಿ. ಹಿಡಿಯಲೆಂದು ಅಕ್ಕ ಎದ್ದಳು.

ಆಗ ಬಿರುಕಿನೊಳಗಿಂದ, ಬಹಳ ಆಳದಿಂದ, ಯಾರೋ ಮೆಲ್ಲಗೆ ಗೋಡೆ ತಟ್ಟಿದರು.

“ಅಕ್ಕಾ, ಇಲ್ಲಿ ಕತ್ತಲು.”

ಕೆಳಗೆ ಬಾಗಿಲು ಕಿರ್ರೆಂದು ತೆರೆಯಿತು.