ಬೆಂಚಿನ ಮೇಲೆ ಉಳಿದ ಸ್ಲೀವ್

ಮಳೆ ಹಿಂದೆಗೆದು ಬಿಸಿಲು ಬಲಿಯುತ್ತಿದ್ದ ದಿನಗಳು. ನೆನೆದ ಹಳೇ ಕಾರುಗಳೆಲ್ಲ ರಿಪೇರಿಗೆ ಬರುವ ಕಾಲ. ಅಣ್ಣ ಒಂದು ಕನೆಕ್ಟರ್ ಬಿಚ್ಚಿಕೊಂಡು ಪಿನ್ನುಗಳ ಹಸಿರು ಕಿಲುಬು ಉಜ್ಜುತ್ತಿದ್ದ. ತಂಗಿ ಆಗತಾನೇ ಅಂಗಡಿಯ ಹಿಂಬಾಗಿಲು ತೆರೆದು, ಕೀಲಿಯನ್ನು ಜೇಬಿಗಿಳಿಸಿದ್ದಳು. ತುಕ್ಕು ತಾಗದಿರಲೆಂದು ಆ ಕೀಲಿಗೆ ಅವಳೇ ವೈರಿನ ಮೇಲೆ ಹಾಕುವ ಕೊಳವೆಯಂಥ ಕಪ್ಪು ಸ್ಲೀವಿನ ತುಂಡೊಂದನ್ನು ತೊಡಿಸಿದ್ದಳು.

"ಮೇಸ್ತ್ರಿ, ನನ್ನ ಕಾರು ಸುಟ್ಟುಹೋಯ್ತು!"

ಗಿರಣಿ ಯಜಮಾನಿ ಬಾಗಿಲಲ್ಲಿ ನಿಂತಿದ್ದಳು. ಹಿಂದೆ ಅವಳ ಡ್ರೈವರ್. ಅವನ ಒಂದು ಕೆನ್ನೆ ಊದಿತ್ತು.

"ನಿನ್ನೆ ಸಂಜೆ ಶೆಡ್ಡಲ್ಲಿ. ಇವನು ಸಿಗರೇಟು ಬಿಸಾಕಿದಾನೆ, ಕೆನ್ನೆಗೆ ಬಾರಿಸಿದೀನಿ. ನೀವು ಬಂದು ನೋಡಿ ಒಂದು ಮಾತು ಹೇಳಿ, ಇವತ್ತೇ ಇವನನ್ನ ಪೆಟ್ಟಿಗೆ ಸಮೇತ ಆಚೆ ಹಾಕ್ತೀನಿ."

ಅಣ್ಣನ ಕೈಯಿಂದ ಪಿನ್ನು ಜಾರಿತು. ಹುಡುಕಲು ಬಗ್ಗಿದವನು ಬೇಗ ಏಳಲಿಲ್ಲ.

"ನಡೀರಿ, ನಾನೂ ಬರ್ತೀನಿ" ಎಂದಳು ತಂಗಿ.

ಯಜಮಾನಿಯ ಶೆಡ್ಡಿನಲ್ಲಿ ಸುಟ್ಟ ರಬ್ಬರಿನ ವಾಸನೆ. ಬೆಂಕಿ ಆರಿಸಲು ಡ್ರೈವರ್ ಎರಚಿದ ಮಣ್ಣು ಬಾನೆಟ್ಟಿನ ಮೇಲೆ ಹಾಗೇ ಇತ್ತು. ಅವನಿದ್ದ ಪಕ್ಕದ ಕೋಣೆಯ ಹೊಸ್ತಿಲಲ್ಲಿ ಅವನ ತಗಡಿನ ಪೆಟ್ಟಿಗೆ.

"ಸಿಗರೇಟು ಸೇದಿದ್ಯಾ?" ತಂಗಿ ಡ್ರೈವರನ್ನು ಕೇಳಿದಳು.

"ಸೇದಿದ್ದೆ ಅಕ್ಕಾ. ಗೇಟಿನ ಹತ್ರ. ಕಾರೊಳಗಲ್ಲ."

"ಕಾರಿನ ಕೀ?"

"ತೆಗೆದು ಅಮ್ಮಾವ್ರ ಕೈಗೇ ಕೊಟ್ಟಿದ್ದೆ."

"ಹೊಗೆ ಮೊದಲು ಎಲ್ಲಿಂದ ಬಂತು?"

"ಬಾನೆಟ್ ಸಂದಿಯಿಂದ."

"ಸೀಟು ನೋಡು, ಸೀಟು—" ಅಣ್ಣ ನಡುವೆ ಬಾಯಿ ಹಾಕಿದ. "ಸಿಗರೇಟೇ ಇರಬಹುದು."

ತಂಗಿ ಅವನನ್ನೊಮ್ಮೆ ನೋಡಿದಳು. "ನೀನು ಕಾರಿನ ಹತ್ರಾನೇ ಬಂದಿಲ್ಲ. ಅಲ್ಲಿಂದಲೇ ಸೀಟು ಕಾಣತ್ತಾ? ನಿನ್ನೆ ಕನ್ನಡಕ ಹಾಕ್ಕೊಂಡೂ ಪಿನ್ನು ಕಾಣ್ತಿಲ್ಲ ಅಂದೆ."



ಅವಳು ಸೀಟಿನ ಮೇಲೆ ಬೆರಳೆಳೆದಳು. ಬರೀ ಮಸಿ. ಬಟ್ಟೆ ಸುಟ್ಟಿರಲಿಲ್ಲ. ಬಾನೆಟ್ ಎತ್ತಿ, ಬ್ಯಾಟರಿಯ ದಪ್ಪ ವೈರನ್ನು ಬೆರಳಲ್ಲೇ ಹಿಂಬಾಲಿಸಿದಳು. ಅದು ತಗಡಿನ ತೂತಿನೊಳಗೆ ನುಸುಳುವ ಜಾಗದಲ್ಲಿ ತಾಮ್ರ ಕರಗಿ ಮಣಿಗಟ್ಟಿತ್ತು.

"ಬೆಂಕಿ ಹುಟ್ಟಿದ್ದು ಇಲ್ಲಿ. ಬೆಸುಗೆ ಹಾಕಿದ ಜಾಗ ತಗಡಿಗೆ ಉಜ್ಜಿ ಶಾರ್ಟ್ ಆಗಿದೆ."

"ಫ್ಯೂಸ್ ಹೋಗ್ಬೇಕಿತ್ತಲ್ಲ?" ಯಜಮಾನಿ ಬಿಡಲಿಲ್ಲ.

"ಇದು ಬ್ಯಾಟರಿಯಿಂದ ನೇರ ಬರೋ ವೈರು ಅಮ್ಮಾ. ಈ ಹಳೇ ಕಾರಲ್ಲಿ ಇದಕ್ಕೆ ಫ್ಯೂಸಿಲ್ಲ. ಕೀ ತೆಗೆದ್ರೂ ಕರೆಂಟು ಇದ್ದೇ ಇರತ್ತೆ."

ತಂಗಿ ಜೇಬಿನಿಂದ ಅಂಗಡಿಯ ಕೀಲಿ ತೆಗೆದಳು. ಕಪ್ಪು ಸ್ಲೀವನ್ನು ಕಳಚಿ, ಆ ವೈರಿನ ತುಂಡಾದ ತುದಿಗೆ ಪೋಣಿಸಿದಳು. ಅಳೆದು ಕತ್ತರಿಸಿದಂತೆ ಕೂತಿತು.

"ಅಣ್ಣ ಕೆಲಸಕ್ಕೆ ಮೊದಲೇ ಎಷ್ಟು ಜಾಯಿಂಟೋ ಅಷ್ಟೇ ಸ್ಲೀವ್ ಕತ್ತರಿಸಿ ಇಟ್ಕೋತಾನೆ. ವೈರಿಗೆ ಸ್ಲೀವ್ ತೊಡಿಸಿ ಆಮೇಲೆ ಬೆಸುಗೆ. ಮರೆತರೆ ಆಮೇಲೆ ತೊಡಿಸೋಕಾಗಲ್ಲ, ಬೆಸುಗೆ ಕತ್ತರಿಸಿ ಮತ್ತೆ ಮಾಡಬೇಕು, ಬೇರೆ ದಾರಿಯಿಲ್ಲ. ನಿಮ್ಮ ಕಾರು ರಿಪೇರಿಯಾಗಿ ನಮ್ಮ ಅಂಗಡಿಯಿಂದ ಹೋದ ದಿನ ಈ ತುಂಡು ಬೆಂಚಿನ ಮೇಲೆ ಉಳಿದಿತ್ತು. ಅವತ್ತಿಂದ ದಿನಾ ಕೈಯಲ್ಲಿ ಹಿಡೀತಿದೀನಿ, ಯಾವುದರದ್ದು ಅಂತ ಯೋಚಿಸಲೇ ಇಲ್ಲ." ಅಣ್ಣನತ್ತ ತಿರುಗಿದಾಗ ಅವಳ ದನಿ ಇಳಿಯಿತು. "ಜಾಯಿಂಟಿಗೆ ಬರೀ ಟೇಪು ಸುತ್ತಿ ಕಳಿಸಿದ್ಯಾ? ಈ ಬೆಂಕಿ ನಿಂದು ಕಣೋ ಅಣ್ಣ."

ಅಣ್ಣ ಮಸಿಯನ್ನೇ ನೋಡುತ್ತ ಹೇಳಿದ:

"ಅವತ್ತು ಅಮ್ಮಾವ್ರು ಹಾರ್ನ್ ಹೊಡೀತಾ ಕೂತಿದ್ರು. ಬೆಸುಗೆ ಆರಿದ ಮೇಲೆ ಸ್ಲೀವ್ ಕಣ್ಣಿಗೆ ಬಿತ್ತು. ಮುಂದಿನ ಸಲ ಬಂದಾಗ ಸರಿ ಮಾಡೋಣ ಅಂದ್ಕೊಂಡೆ."

"ಇವತ್ತು ಯಾಕೆ ಬಾಯಿ ಬಿಡ್ಲಿಲ್ಲ?"

"ಬೆಂಕಿ ಅಂದಾಗಲೇ ಗೊತ್ತಾಯ್ತು. ಅವರು ಸಿಗರೇಟು ಅಂದ್ರು... ಉಸಿರು ಬಂದಂಗಾಯ್ತು."

ಯಜಮಾನಿ ಯಾರ ಮುಖವನ್ನೂ ನೋಡಲಿಲ್ಲ. "ಪೆಟ್ಟಿಗೆ ಒಳಗಿಡಪ್ಪಾ" ಎಂದಳು ಡ್ರೈವರಿಗೆ.

"ಇಡೀ ಕಾರಿಗೆ ಹೊಸ ವೈರಿಂಗ್ ನಾನೇ ಮಾಡಿಕೊಡ್ತೀನಿ" ಎಂದ ಅಣ್ಣ.

ಡ್ರೈವರ್ ಊದಿದ ಕೆನ್ನೆಯನ್ನು ಮುಟ್ಟಿಕೊಂಡ. "ಕಾರಿಗೆ ಮಾಡ್ತೀರಿ ಮೇಸ್ತ್ರಿ. ಇದಕ್ಕೆ?"

ಅಣ್ಣ ಪೆಟ್ಟಿಗೆಯ ಒಂದು ಬದಿ ಹಿಡಿಯಲು ಬಗ್ಗಿದ. ಡ್ರೈವರ್ ಅದನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡು, ಒಬ್ಬನೇ ಎತ್ತಿ ಒಳಗೆ ಹೋದ.