ಏಳು ದಂಡೆಯ ಅಂಬಿಗ

“ಯಾರನ್ನ ಬೇಕಾದ್ರೂ ಹುಟ್ಟಿಸಿ. ಬದುಕಿರೋರನ್ನ ಮಾತ್ರ ಕತೆಯೊಳಗೆ ಕರ್ಕೊಂಡು ಬರಬೇಡಿ,” ಎಂದರು ತಾಳೆಯಮ್ಮ.

ಹೊಸ ಲೇಖಕಿ ನಕ್ಕಳು. “ನಮ್ಮತ್ತೆಯನ್ನ ತಂದರೆ ನಿಮ್ಮ ರಾಕ್ಷಸರೇ ಊರು ಬಿಟ್ಟು ಓಡ್ತಾರೆ, ಬಿಡಿ.”

ತಾಳೆಯಮ್ಮ ನಗಲಿಲ್ಲ. ಪ್ರಕಾಶನದ ಕಟ್ಟಡದ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ ಅವರ ಮೇಜು. ಅಂಟು, ಹಳೆಯ ರಟ್ಟು, ಗೆದ್ದಲು ತಿಂದ ಮರದ ವಾಸನೆ. ಗೋಡೆಯುದ್ದಕ್ಕೂ ಸಣ್ಣ ಸಣ್ಣ ಖಾನೆಗಳ ಬೀರು. ‘ಏಳು ದಂಡೆ’ ಎಂಬ ಮಾಯಾಲೋಕದಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಅಲ್ಲೊಂದು ಚೀಟಿಯಿತ್ತು. ಆ ಲೋಕದ ಕಾದಂಬರಿಗಳನ್ನು ಎಂಟು ಮಂದಿ ಬರೆಯುತ್ತಿದ್ದರು. ಒಬ್ಬರು ಹುಟ್ಟಿಸಿದ ಪಾತ್ರವನ್ನು ಇನ್ನೊಬ್ಬರು ಬಳಸಬಹುದು. ಒಬ್ಬರ ಪುಸ್ತಕದಲ್ಲಿ ಅಚ್ಚಾದದ್ದು ಎಲ್ಲರ ಪುಸ್ತಕದಲ್ಲೂ ನಿಜ. ಒಂದಕ್ಕೊಂದು ತಾಳೆ ನೋಡುವುದು ಈಕೆಯ ಕೆಲಸ. ಹೆಸರು ಬಂದದ್ದೂ ಅದರಿಂದಲೇ.

ಆ ಲೋಕವನ್ನು ಮೊದಲು ಕಟ್ಟಿದವನು ಒಬ್ಬನೇ ಎಂದು ಆಕೆ ದನಿ ತಗ್ಗಿಸಿ ಹೇಳಿದರು. ಮಾಲೀಕರು ಅದನ್ನು ಅವನಿಂದ ಕಿತ್ತು ಹಲವರಿಗೆ ಹಂಚಿದರು. ಹೋಗುವ ದಿನ ಅವನು ತನ್ನ ಕೂದಲು ಸುಟ್ಟ ಬೂದಿಯನ್ನು ಮಸಿಗೆ ಕಲಸಿ ಒಂದು ಚೀಟಿ ಬರೆದ. ಕಪ್ಪು ದಾರ ಸುತ್ತಿ ಬೀರುವಿನ ಬುಡದ ಖಾನೆಗೆ ಹಾಕಿ ಬೀಗ ಜಡಿದ. ನನ್ನ ಲೋಕ ಕಿತ್ತು ಹಂಚಿಕೊಂಡವರ ಮನೆಯ ಜನರನ್ನು ನನ್ನ ಲೋಕವೇ ಕಿತ್ತುಕೊಳ್ಳಲಿ ಎಂದನಂತೆ. ಆಮೇಲೆ ಒಬ್ಬ ಲೇಖಕಿ ತನ್ನ ತಂಗಿಯನ್ನು ಕತೆಯೊಳಗೆ ತಂದಳು. ತಂಗಿ ಏನಾದಳೆಂದು ತಾಳೆಯಮ್ಮ ಹೇಳಲಿಲ್ಲ.

ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಓದಿದವಳು ಕೂದಲ ಬೂದಿಗೆ ಹೆದರುವುದುಂಟೆ? ಮೆಟ್ಟಿಲು ಹತ್ತುವಷ್ಟರಲ್ಲಿ ಮರೆತಳು.

ಮೂರನೆಯ ಅಧ್ಯಾಯದಲ್ಲಿ ಅವಳ ಅಂಬಿಗ ಕೊರಡಿನಂತೆ ಕೂತುಬಿಟ್ಟ. ಹುಟ್ಟು ಹಾಕುತ್ತಾನೆ, ಮಾತಾಡುತ್ತಾನೆ, ಜೀವವಿಲ್ಲ. ಹಸ್ತಪ್ರತಿ ಒಪ್ಪಿಸಲು ಹನ್ನೆರಡು ದಿನ ಉಳಿದಿತ್ತು. ಎದ್ದಳು, ಕೂತಳು, ಅಡುಗೆಮನೆಗೂ ಮೇಜಿಗೂ ಓಡಾಡಿದಳು. ಒಲೆ ಮೇಲಿನ ಹಾಲು ನಿನಗಿಂತ ಸಮಾಧಾನದಲ್ಲಿದೆ ಎಂದ ಗಂಡ. ಅವನಿಗೆ ನಗು ಮೊದಲು ಹೆಗಲಿಗೆ ಬರುತ್ತಿತ್ತು, ಸದ್ದು ಆಮೇಲೆ. ಅವಳು ನೋಡಿದಳು. ಬರೆದಳು.

ಆಮೇಲೆ ಕೈ ನಿಲ್ಲಲಿಲ್ಲ. ಅಂಬಿಗನಿಗೆ ಗಂಡನ ನಗು ಕೊಟ್ಟಳು. ಬಾಗಿಲು ತೆಗೆಯುವ ಮುಂಚೆ ಒಮ್ಮೆ ಕೆಮ್ಮುವುದನ್ನು ಕೊಟ್ಟಳು. ದಂಡೆಯಲ್ಲಿ ಕಾಯುವ ಒಬ್ಬ ಹೆಂಡತಿಯನ್ನೂ ಕೊಟ್ಟಳು. ಅವನು ಅವಳನ್ನು ಮೊದಲು ಕಂಡ ದಿನ, ಅವಳನ್ನು ಕೂಗುವ ರೀತಿ, ಜಗಳವಾಡಿ ಬೆನ್ನು ತಿರುಗಿಸಿ ಮಲಗಿದಾಗಲೂ ಕಾಲಿಗೆ ಕಾಲು ತಾಗಿಸಿಕೊಂಡೇ ಇರುವುದು, ತಮ್ಮ ಸಂಸಾರದ್ದೇ ಎಲ್ಲ.

ಪುಸ್ತಕ ಅಚ್ಚಿಗೆ ಹೊರಡುವ ಮೊದಲು ತಾಳೆಯಮ್ಮ ಹಸ್ತಪ್ರತಿಯಿಂದ ತಲೆಯೆತ್ತಿ, ಈ ಅಂಬಿಗ ಯಾರು ಎಂದು ಕೇಳಿದರು. ಕಲ್ಪನೆ, ಎಂದಳು. ಚೀಟಿ ಖಾನೆ ಸೇರಿತು. ಓದಿದವರೆಲ್ಲ ಅಂಬಿಗನನ್ನೇ ಮೆಚ್ಚಿದರು.

ಅದೇ ವಾರ ಗಂಡ ನಗುವುದನ್ನು ನಿಲ್ಲಿಸಿದ. ಬೇಜಾರೇ ಎಂದು ಕೇಳಿದರೆ ಇಲ್ಲವೆಂದ. ಕೆಮ್ಮದೆ ಬಾಗಿಲು ತೆಗೆದು ಬಂದು ಅವಳನ್ನು ಬೆಚ್ಚಿಬೀಳಿಸಿದ. ಮೈಯಿಂದ ಕೆಸರಿನ ವಾಸನೆ ಬರತೊಡಗಿತು. ಸ್ನಾನ ಮಾಡಿದರೂ ಹೋಗಲಿಲ್ಲ. ದಿನವಿಡೀ ಕನ್ನಡಕದ ಅಂಗಡಿಯಲ್ಲಿ ಕೂರುವವನ ಅಂಗೈಯಲ್ಲಿ ಬೊಬ್ಬೆಗಳೆದ್ದವು. ದಿಂಬು ಒದ್ದೆ, ಚಪ್ಪಲಿ ಒದ್ದೆ. ಹೀಗೇ ಕೆಲವು ತಿಂಗಳು ಕಳೆದು ಒಂದು ಮಧ್ಯಾಹ್ನ ಅವಳು ಅಂಗಡಿಗೆ ಹೋದಾಗ ಅವನು ಗಾಜಿನ ಮೇಜಿನ ಹಿಂದೆ ಕೂತು ಎರಡೂ ಕೈಗಳಿಂದ ಬರಿಗಾಳಿಯನ್ನು ಹಿಂದಕ್ಕೆ ಎಳೆಯುತ್ತಿದ್ದ. ಎಳೆದು, ಬಿಟ್ಟು, ಮತ್ತೆ ಎಳೆದು. ತುಟಿಯ ಅಂಚಿನಲ್ಲಿ ಪಾಚಿಯ ಒಂದು ಎಳೆ.

“ಯಾರೋ ದಂಡೆಯಿಂದ ಕೂಗ್ತಿದಾರೆ ಕಣೇ,” ಎಂದ. “ದಾಟಿಸಬೇಕು.”

ಅವಳು ಪ್ರಕಾಶನದ ನೆಲಮಾಳಿಗೆಗೆ ಓಡಿದಳು.

ಅಂಬಿಗನ ಖಾನೆ ಖಾಲಿಯಿತ್ತು. ಚೀಟಿಯನ್ನು ಯಮ ಒಯ್ದಿದ್ದ. ಪುಸ್ತಕಕ್ಕೊಬ್ಬರನ್ನಾದರೂ ಕೊಲ್ಲದೆ ಬಿಡದ ಲೇಖಕನಿಗೆ ಮಿಕ್ಕವರು ಇಟ್ಟ ಹೆಸರು ಅದು. ಓದುಗರಿಗೆ ಇಷ್ಟವಾದವನನ್ನೇ ಕೊಲ್ಲಬೇಕು ಎಂಬುದು ಅವನ ವಾದ. ಹನ್ನೊಂದನೆಯ ಅಧ್ಯಾಯದಲ್ಲಿ ಅಂಬಿಗನನ್ನು ಮುಳುಗಿಸಿದ್ದ. ಪಕ್ಕದ ಕೋಣೆಯಲ್ಲಿ ಅಚ್ಚಿನ ಯಂತ್ರ ಧಡಧಡ ಎನ್ನುತ್ತಿತ್ತು. ಒಂಬತ್ತನೆಯ ಅಧ್ಯಾಯ ಅಚ್ಚಾಗುತ್ತಿದೆ, ಹನ್ನೊಂದನೆಯದು ಅಚ್ಚಾದರೆ ಮುಳುಗಿದ್ದೂ ನಿಜ ಎಂದರು ತಾಳೆಯಮ್ಮ. ನಿಲ್ಲಿಸಿ ಎಂದಳು. ಇವತ್ತು ನಿಂತರೆ ನಾಳೆ ಓಡುತ್ತದೆ, ಮಾಲೀಕರು ಬಿಡುವುದಿಲ್ಲ ಎಂದರು.

ಆಮೇಲೆ ಅವಳ ಮುಖ ನೋಡಿ, ಅಂಬಿಗ ಕಲ್ಪನೆಯಲ್ಲ ಅಲ್ಲವೇ ಎಂದು ಕೇಳಿದರು. ನನ್ನ ಗಂಡ, ಎಂದಳು.

ದಾರಿ ಒಂದೇ ಇತ್ತು. ತಾಳೆಯಮ್ಮ ಪುಸ್ತಕಗಳ ಪಟ್ಟಿ ಬಿಚ್ಚಿಟ್ಟರು. ಬರೆದವಳೇ ತನ್ನ ಪುಸ್ತಕದ ಹೆಸರಿನ ಮೇಲೆ ಗೆರೆ ಎಳೆದರೆ ಅದು ಏಳು ದಂಡೆಗೆ ಸೇರಿದ್ದಲ್ಲ. ಅಂಬಿಗ ಅಲ್ಲಿ ಹುಟ್ಟಿಯೇ ಇರಲಿಲ್ಲ ಎಂದಾಗುತ್ತದೆ. ಯಮ ಮುಳುಗಿಸಿದವನು ಬೇರೆ ಯಾರೋ.

“ನಿಮ್ಮೆಜಮಾನ್ರು ಈಚೆ ಬರ್ತಾರೆ. ಅವರಿಂದ ತೆಗೆದು ನೀವು ಬರೆದಿದ್ದು ಮಾತ್ರ ಜೊತೆಗೆ ಬರೋದಿಲ್ಲ. ಅದು ಎಲ್ಲೂ ಇರೋದಿಲ್ಲ.” ಆಕೆ ಲೇಖನಿಯನ್ನು ಪಟ್ಟಿಯ ಪಕ್ಕ ಇಟ್ಟರು. “ಎಷ್ಟು ಬರೆದಿದೀರಿ?”

ದೀಪ ಆರಿತು.

ಕತ್ತಲು. ಕೆಸರಿನ ವಾಸನೆ. ಖಾಲಿ ಖಾನೆಯೊಳಗೆ ನೀರು ಗುಳುಗುಳು ಎಂದಿತು. ಬೀರುವಿನಿಂದ ನೆಲಕ್ಕೆ ತೊಟ್ಟಿಕ್ಕಿತು. ಅವಳ ಪಾದ ಒದ್ದೆಯಾಯಿತು. ಪಕ್ಕದಲ್ಲಿ ಯಂತ್ರ ಒಂದು ಕ್ಷಣ ನಿಂತಿತು. ಕಾಗದ ಬದಲಾಯಿಸಿದರು. ಮತ್ತೆ ಧಡಧಡ. ಹತ್ತನೆಯದು. ಖಾನೆಯೊಳಗೆ ಯಾರೋ ನೀರು ಕುಡಿದು ಕೆಮ್ಮಿದರು. ಆ ಕೆಮ್ಮು ಅವಳಿಗೆ ಗೊತ್ತು. ಪಟ್ಟಿಯಲ್ಲಿ ತನ್ನ ಪುಸ್ತಕದ ಹೆಸರಿನ ಮೇಲಿಟ್ಟ ಬೆರಳು ಎತ್ತದೆ ಲೇಖನಿ ತಡಕಿದಳು. ಸಿಕ್ಕಿತು. ಕೈ ಏಳಲಿಲ್ಲ. ಮೊದಲು ಕಂಡ ದಿನ. ಕಾಲಿಗೆ ತಾಗುವ ಕಾಲು. ಮತ್ತೆ ಕೆಮ್ಮು, ಈ ಸಲ ಸಣ್ಣದು. ಯಂತ್ರ ಮತ್ತೆ ನಿಂತಿತು. ಹನ್ನೊಂದು.

ಗೆರೆ ಎಳೆದಳು.

ನೀರಿನ ಸದ್ದು ನಿಂತಿತು.

ಅಂಗಡಿ ತಲುಪಿದಾಗ ಬಿಸಿಲು ಇನ್ನೂ ಇತ್ತು. ಗಂಡ ಗಾಜು ಒರೆಸುತ್ತಿದ್ದ. ಅಂಗಿ ಒಣಗಿತ್ತು. ಉಸಿರಾಡುತ್ತಿದ್ದ. ಅವಳು ಮೊದಲು ನೋಡಿದ್ದು ಅದನ್ನೇ. ಬಾಗಿಲಲ್ಲಿ ನಿಂತವಳನ್ನು ಒಳಗೆ ಕರೆದು, ಮರ್ಯಾದೆಯಿಂದ ಕುರ್ಚಿ ತೋರಿಸಿದ. ಅವಳು ಕೂತಳು. ಅವನು ಸಣ್ಣ ದೀಪ ಹಿಡಿದು ಬಾಗಿದ. ಎರಡು ಬೆರಳು ಅವಳ ಗಲ್ಲ ಮುಟ್ಟಿ ಮುಖವನ್ನು ಬೆಳಕಿಗೆ ತಿರುಗಿಸಿದವು.

“ಕಣ್ಣಲ್ಲಿ ಹೀಗೆ ನೀರು ಸುರಿಯೋದು ಯಾವಾಗಿಂದ ಮೇಡಂ?”

ಇವತ್ತಿನಿಂದ, ಎಂದಳು.

“ಮನೇಲಿ ಬೇರೆ ಯಾರಿಗಾದ್ರೂ ಹೀಗಿದೆಯಾ?”

“ಮನೇಲಿ ನಾನೊಬ್ಬಳೇ,” ಎಂದಳು.