ಕೆಂಪು ದಾರ

“ಯಾರೇ ಅವರು? ನಿನ್ನ ನೋಡಿ ನಕ್ಕರಲ್ಲ?” ಎಂದು ಅಮ್ಮ ಕೇಳಿದಳು.

“ಗೊತ್ತಿಲ್ಲಮ್ಮ. ಇನ್ಯಾರನ್ನೋ ನೋಡಿ ನಕ್ಕಿರಬೇಕು.”

ರೈಲ್ವೆ ಮ್ಯೂಸಿಯಂನ ಹಳೆಯ ಮರದ ಬೋಗಿಯೊಳಗೆ ಒಬ್ಬರು ನಡೆಯುವಷ್ಟೇ ಜಾಗ. ನಕ್ಕವನು ಬೆನ್ನನ್ನು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟಿದ್ದ. ಮಗಳ ಮಾತು ಅವನಿಗೆ ಕೇಳಿಸದೆ ಇರಲು ಸಾಧ್ಯವೇ ಇರಲಿಲ್ಲ. ಆಗಷ್ಟೇ ಮೂಡಿದ್ದ ನಗುವನ್ನು ಅವನು ಮೆಲ್ಲಗೆ ಕಿಟಕಿಯ ಕಡೆಗೆ ತಿರುಗಿಸಿಕೊಂಡ. ಅಲ್ಲಿ ನೋಡಲು ಪಕ್ಕದ ಶೆಡ್ಡಿನ ತಗಡಲ್ಲದೆ ಏನೂ ಇರಲಿಲ್ಲ.

ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ. ಅದರ ಕಾಲರನ್ನು ಹೊಲಿದವಳು ಅವಳೇ.

ಅವಳು ಟೈಲರ್. ಅವನದು ಪಕ್ಕದ ಫೋಟೋ ಫ್ರೇಮಿನ ಅಂಗಡಿ. ಅವಳ ಬಾಯಿಗೆ ಇಡೀ ಬೀದಿ ಹೆದರುತ್ತಿತ್ತು. ಕಟ್ಟಡದ ಮಾಲೀಕನನ್ನೇ ಮೆಟ್ಟಿಲ ಮೇಲೆ ನಿಲ್ಲಿಸಿ ಬೈದವಳು. ಜಗಳ ಮುಗಿದ ಮೇಲೆ “ಗಂಟಲು ಒಣಗಿರಬೇಕು” ಎಂದು ಟೀ ತಂದು ಮೆಷಿನ್ ಪಕ್ಕ ಇಡುತ್ತಿದ್ದವನು ಅವನೊಬ್ಬನೇ. ಹಾಗೆ ಶುರುವಾಯಿತು. ನಲವತ್ತು ದಾಟಿದ ಮೇಲೆ ಶುರುವಾಯಿತು, ಕಷ್ಟ ಇದ್ದದ್ದು ಅಲ್ಲಿ.

ಮನೆಯಲ್ಲಿ ಹೇಳಿ ಎಂದು ಅವನು ಎಂದೂ ಪೀಡಿಸಿರಲಿಲ್ಲ. ಈ ಏರ್ಪಾಡೆಲ್ಲ ಅವಳದೇ. ತಮ್ಮನಿಗೆ ಚಿಕ್ಕಂದಿನಿಂದ ರೈಲಿನ ಹುಚ್ಚು, ಭಾನುವಾರ ಮನೆಮಂದಿಯೆಲ್ಲ ರೈಲ್ವೆ ಮ್ಯೂಸಿಯಂಗೆ ಹೋಗುತ್ತೇವೆ, ನೀವು ಅಲ್ಲಿ ಸಿಗಿ, ನಾನೇ ಪರಿಚಯ ಮಾಡಿಸುತ್ತೇನೆ ಎಂದಿದ್ದಳು.

“ನಿಮ್ಮ ಬಾಯಿ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ,” ಎಂದು ಅವನು ನಕ್ಕಿದ್ದ.

ಬಸ್ಸಿನಲ್ಲಿ ಬರುವಾಗ ಎಲ್ಲ ಕೆಟ್ಟಿತು. ತಮ್ಮ ತನ್ನ ಆಫೀಸಿನ ಹಿರಿಯ ಹೆಂಗಸೊಬ್ಬಳು ಮದುವೆಯಾದ ಸುದ್ದಿ ತೆಗೆದ. ಹೊತ್ತು ಮುಳುಗಿದ ಮೇಲೆ ಬಿಸಿಲಿಗೆ ಛತ್ರಿ ಹಿಡಿದ ಹಾಗಾಯಿತು ಎಂದ. ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ತಮ್ಮನ ಹೆಂಡತಿ ನಕ್ಕಳು. ಅವಳೂ ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕಳು.

ಬೋಗಿಯಿಂದ ಇಳಿದು ಎಂಜಿನ್ನುಗಳ ಕಡೆ ಹೋದರು. ತಮ್ಮ ಬಾಯ್ಲರಿನ ಬಗ್ಗೆ ಪಾಠ ಶುರು ಮಾಡಿದ. ಮದುವೆಯಾದ ಹೊಸತರಲ್ಲೂ ಇವರು ನನ್ನ ಹತ್ತಿರ ಆಡಿದ್ದು ಇದೇ ಮಾತು ಎಂದು ಅವನ ಹೆಂಡತಿ ಅಮ್ಮನಿಗೆ ದೂರು ಹೇಳಿದಳು. ಅಕ್ಕನಿಗೆ ಯಾವುದೂ ತಲೆಗೆ ಹತ್ತಲಿಲ್ಲ. ಕಿವಿ ಸುಡುತ್ತಿತ್ತು.

ಹಳಿಯ ಆಚೆ ಅವನು ಸಿಗ್ನಲ್ ಕಂಬದ ಕೆಳಗೆ ನಿಂತಿದ್ದ. ಈ ಸಲ ನಗಲಿಲ್ಲ. ನೋಡಿದ, ಅಷ್ಟೇ. ಇನ್ನೂ ಹೊತ್ತಿದೆ ಎನ್ನುವ ಹಾಗಿತ್ತು ಆ ನೋಟ. ಅವಳು ಕರೆಯಲೆಂದು ಕೈ ಎತ್ತಿದಳು. ಅಷ್ಟರಲ್ಲಿ ತಮ್ಮ ಇತ್ತ ತಿರುಗಿದ. ಎತ್ತಿದ ಕೈಯಿಂದ ಅವಳು ಕೂದಲು ಸರಿ ಮಾಡಿಕೊಂಡಳು.

ಅವನು ತಲೆ ತಗ್ಗಿಸಿ ಗೇಟಿನ ಕಡೆ ನಡೆದ.

ಥೂ ನಿನ್ನ ಜನ್ಮಕ್ಕೆ, ಎಂದು ತನ್ನನ್ನು ತಾನೇ ಬೈದುಕೊಂಡಳು. ಪ್ರೀತಿ ಮಾಡಿದ್ದಕ್ಕೆ ಬೆಳಗ್ಗೆ ನಾಚಿದ್ದಳು. ಈಗ ಆ ನಾಚಿಕೆಗೇ ನಾಚಿಕೆಯಾಗುತ್ತಿತ್ತು.

“ಸಾಕು, ಹೊರಡೋಣ,” ಎಂದು ಎಲ್ಲರನ್ನೂ ಹೊರಡಿಸಿಕೊಂಡು ನಡೆದಳು. ಪಾಠ ಇನ್ನೂ ಮುಗಿದಿಲ್ಲ ಎಂದು ತಮ್ಮ ಗೊಣಗುತ್ತ ಹಿಂದೆ ಬಂದ.

ಒಳಗೆ ಬರುವಾಗ ಬ್ಯಾಗುಗಳನ್ನು ಗೇಟಿನ ಕೌಂಟರಿನಲ್ಲಿ ಇಟ್ಟು ಬರಬೇಕಿತ್ತು. ಈಗ ಕೌಂಟರಿನ ಮುಂದೆ ಅವನೇ ನಿಂತಿದ್ದ. ಒಳಗಿನ ಮುದುಕ ಇವರನ್ನೆಲ್ಲ ನೋಡಿ, “ಬಂದ್ರಲ್ಲ ನಿಮ್ಮನೆಯವರು, ಒಟ್ಟಿಗೇ ಕೊಡ್ತೀನಿ,” ಎಂದು ಅಮ್ಮನ ಬ್ಯಾಗು, ತಮ್ಮನ ಬ್ಯಾಗು, ಜೊತೆಗೆ ಅವನ ಕಪ್ಪು ಬ್ಯಾಗನ್ನೂ ಸಾಲಾಗಿ ಇಟ್ಟ. ಎಲ್ಲದರ ಪಟ್ಟಿಯ ಬುಡದಲ್ಲೂ ಒಂದೇ ಥರದ ಹೊಲಿಗೆ ಇತ್ತು. ಕೆಂಪು ದಾರದ ಚೌಕ, ಅದರೊಳಗೆ ಅಡ್ಡಡ್ಡ ಎರಡು ಗೆರೆ. ಒಂದೇ ಮನೆಯದೆಂದು ಒಂದೇ ಕಡೆ ಇಟ್ಟಿದ್ದನಂತೆ.

ಅಮ್ಮ ಕಪ್ಪು ಬ್ಯಾಗಿನ ಪಟ್ಟಿಯ ಮೇಲೆ ಬೆರಳಾಡಿಸಿದಳು.

“ಟೈಲರ್ ಹತ್ರ ಹೊಲಿಸಿದ್ದು,” ಎಂದ ಅವನು ಅವಸರದಲ್ಲಿ. “ಯಾರೋ ಟೈಲರ್.”

ಅವಳಿಗಾಗಿ ಅವನು ಸುಳ್ಳು ಹೇಳುತ್ತಿದ್ದ. ಕಪಾಳಕ್ಕೆ ಹೊಡೆದಿದ್ದರೂ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ.

“ಗಿರಾಕಿಗಳಿಗೆ ಬಟ್ಟೆ ಬಣ್ಣದ ದಾರಾನೇ ಹಾಕೋದು ನನ್ನ ಮಗಳು,” ಎಂದಳು ಅಮ್ಮ. “ಕೆಂಪು ಮನೆಯವರಿಗೆ ಮಾತ್ರ. ಅಂಗಡಿ ರಾಶಿಯಲ್ಲಿ ನಮ್ಮದು ಕಳೆದುಹೋಗಬಾರದು ಅಂತ.”

ಅವನು ಥಟ್ಟನೆ ಅವಳನ್ನು ನೋಡಿದ. ಈ ವಿಷಯ ಅವನಿಗೆ ಗೊತ್ತಿರಲಿಲ್ಲ.

ಅವಳ ನಾಲಿಗೆ ಒಣಗಿತು. ಆದರೂ ಹೇಳಿದಳು.

“ಇವರು ಗಿರಾಕಿ ಅಲ್ಲಮ್ಮ. ಗೊತ್ತಿಲ್ಲ ಅಂದೆನಲ್ಲ, ಸುಳ್ಳು. ಇವರನ್ನ ನಾನೇ ಬರಹೇಳಿದ್ದೆ, ನಿಮಗೆಲ್ಲ ತೋರಿಸೋಕೆ. ಮದುವೆ ಆಗಬೇಕು ಅಂತಿದ್ದೀನಿ. ಎದುರಿಗೆ ಬಂದಾಗ ಹೆದರಿಬಿಟ್ಟೆ.”

ಅಮ್ಮ ಕಪ್ಪು ಬ್ಯಾಗನ್ನು ಎತ್ತಿದಳು. ಒಳಗೆ ಏನೋ ಠಣಠಣ ಎಂದಿತು. ಏನಿದೆ ಎಂದು ಕೇಳಿದ್ದಕ್ಕೆ ಅವನು ತಲೆ ಕೆರೆದುಕೊಂಡು ಜಿಪ್ ಎಳೆದ. ಒಂದು ಫ್ಲಾಸ್ಕು, ಒಂದರೊಳಗೊಂದು ಸೇರಿಸಿದ ಐದು ಲೋಟ. ಮನೆಯವರಿಗೆಲ್ಲ, ಮತ್ತೊಂದು ತನಗೆ.

ಮಗಳು ಮುಖ ಎತ್ತಲಿಲ್ಲ.

“ಇವಳು ಹಾಗಂದ ಮೇಲೂ ಇಲ್ಲೇ ಇದ್ರಾ?” ಎಂದಳು ಅಮ್ಮ.

“ಹೊರಟಿದ್ದೆ ಅಮ್ಮ. ಬ್ಯಾಗು ಕೊಡಲಿಲ್ಲ ಇವರು.”

ತಮ್ಮನ ಹೆಂಡತಿ ಕಿಸಕ್ಕನೆ ನಕ್ಕಳು. ಅಮ್ಮ ಕಲ್ಲುಬೆಂಚಿನ ಮೇಲೆ ಕೂತು ಕಾಲು ನೀವಿಕೊಂಡು, “ಸುರೀರಿ,” ಎಂದಳು.

ತಮ್ಮ ಮಾತ್ರ ದೂರ ಸರಿದು ನೀರಿನ ತೊಟ್ಟಿಯ ಬೋರ್ಡನ್ನು ಓದುತ್ತ ನಿಂತಿದ್ದ. ನಾಲ್ಕು ಸಾಲಿನ ಬೋರ್ಡು. ಅವಳೇ ಲೋಟ ಹಿಡಿದು ಅವನ ಹತ್ತಿರ ಹೋದಳು.

“ಛತ್ರಿ ಹಿಡ್ಕೊಂಡಿದ್ದೀನಿ ಕಣೋ. ನಗು.”

ತಮ್ಮ ನಗಲಿಲ್ಲ. ಅವಳ ಮುಖ ನೋಡಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಲೋಟ ತೆಗೆದುಕೊಂಡ.

ಅವಳು ಹಿಂತಿರುಗಿ ಬಂದಾಗ ಬೆಂಚಿನ ತುದಿಯಲ್ಲಿ, ಫ್ಲಾಸ್ಕು ಹಿಡಿದು ಅವನು ಜಾಗ ಬಿಟ್ಟು ಕೂತಿದ್ದ. ಅಮ್ಮ ನೋಡುತ್ತಿದ್ದಂತೆಯೇ ಅವಳು ಅಲ್ಲಿ ಕೂತಳು.

“ಕಪ್ಪು ದಾರ ಮುಗಿದಿತ್ತು ಅಂದಿದ್ರಿ ಅವತ್ತು,” ಎಂದ ಅವನು ಮೆಲ್ಲಗೆ.

“ಉಂಡೆ ತುಂಬಾ ಇತ್ತು.”

ಅವನು ಕೊನೆಯ ಲೋಟಕ್ಕೆ ಟೀ ಸುರಿದು ಅವಳ ಕೈಗಿಟ್ಟ. ಬೆಳಗ್ಗೆ ಮಾಡಿ ತಂದದ್ದು, ಪೂರ್ತಿ ಆರಿಹೋಗಿತ್ತು. “ಗಂಟಲು ಒಣಗಿರಬೇಕು,” ಎಂದ.

ಅವಳು ಒಂದು ಹನಿ ಬಿಡದೆ ಕುಡಿದಳು.